ಒಂದು ಫಾರಂಗೆ ಇಪ್ಪತ್ತು ರೂಪಾಯಿ

(ಬಾಗಲಕೋಟೆ ನವನಗರದ ಒಂದು ಪದವಿ ಕಾಲೇಜಿನಲ್ಲಿ ಕೊನೇ ವರ್ಷದ ಮಕ್ಕಳ ಮುಂದೆ ಆಡಿದ ಮಾತು ಇದು. ಆಮೇಲೆ ಮನೆಗೆ ಬಂದು ಬರೆದುಕೊಂಡೆ. ಒಂದೆರಡು ಕಡೆ ಉದ್ದ ಆಗಿದೆ. ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ.)

ನನಗೆ ಕೊಟ್ಟ ವಿಷಯ ‘ಮತದಾರರ ಪಟ್ಟಿ ಮತ್ತು ಪ್ರಜಾಪ್ರಭುತ್ವ’. ಪ್ರಜಾಪ್ರಭುತ್ವದ ಬಗ್ಗೆ ಮಾತಾಡುವವರು ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಗೊತ್ತಿರುವುದು ಪಟ್ಟಿ ಮಾತ್ರ. ಒಂಬತ್ತು ವರ್ಷ ಬಿಎಲ್‌ಒ, ಅಂದರೆ ಒಂದು ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಅಧಿಕಾರಿ, ಆಗಿದ್ದೆ. ಬೆಳಿಗ್ಗೆ ಮೂರನೇ ಕ್ಲಾಸಿಗೆ ಮಗ್ಗಿ, ಸಂಜೆ ಮನೆ ಮನೆಗೆ ಫಾರಂ. ಬೇಜಾರಾದರೆ ಹಿಂದಿನ ಬೆಂಚಿನವರು ಎದ್ದು ಹೋಗಬಹುದು, ನಾನೇನೂ ಹಾಜರಿ ಹಾಕಲ್ಲ.

ಒಂದು ಚಳಿಗಾಲದ ಸಂಜೆ ಕಟ್ಟೆ ಮೇಲೆ ಕೂತು ಮೆಂತ್ಯೆ ಪಲ್ಯ ಸೋಸುತ್ತಿದ್ದೆ. ಒಬ್ಬ ಹುಡುಗ ಬಂದ. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಒಳಗೆ ಫಾರಂ 6, ಅಂದರೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ. ಎಣಿಸಿದೆ, 43 ಇದ್ದವು.

“ಅಕ್ಕೋರ, ಇವಷ್ಟೂ ತಗೊಂಡು ಒಂದ್ ರಶೀದಿ ಕೊಡ್ರಿ” ಅಂದ.

ನೋಡಿದರೆ ನನ್ನ ಹಳೇ ವಿದ್ಯಾರ್ಥಿ. ಫಾರಂ ತಿರುವಿ ಹಾಕಿದೆ. ಎಲ್ಲವೂ ಒಂದೇ ನೀಲಿ ಪೆನ್ನು. ಹೆಸರು ಬೇರೆ, ಓಣಿ ಬೇರೆ, ಸಹಿ ಬೇರೆ ಬೇರೆ ಥರ. ಆದರೆ ‘ಳ’ ಅಕ್ಷರದ ಬಾಲ ಎಲ್ಲ ಕಡೆಯೂ ಒಳಗೆ ಸುತ್ತಿಕೊಂಡಿತ್ತು. ಆ ಬಾಲ ತಿದ್ದಲಿಕ್ಕೆ ಮೂರನೇ ಕ್ಲಾಸಿನಲ್ಲಿ ನಾನು ಒಂದು ವರ್ಷ ಒದ್ದಾಡಿದ್ದೆ. ಅವನು ತಿದ್ದಿಕೊಂಡಿರಲಿಲ್ಲ.

“ಇವೆಲ್ಲ ನೀನ ಬರದೀಯಲ್ಲೋ?” ಅಂದೆ. ತಲೆ ತಗ್ಗಿಸಿದ.

“ಒಂದ್ ಫಾರಂಗೆ ಇಪ್ಪತ್ ರೂಪಾಯಿ ಕೊಡ್ತಾರ್ರೀ ಅಕ್ಕೋರ. ದಿನಕ್ಕ ಮೂವತ್ ತರಲಿಲ್ಲಂದ್ರ ನಾಳಿಂದ ಬರಬ್ಯಾಡ ಅಂತಾರ.”

ಯಾರು ಕೊಡುತ್ತಾರೆ ಅಂದರೆ ಒಂದು ಸಂಘ. ಮತದಾರರ ಜಾಗೃತಿ ಅಂತ ಬೋರ್ಡು. ಹಿಂದೆ ಯಾವ ಪಕ್ಷದವರು ಇದ್ದರು ಅಂತ ಓಣಿಯವರಿಗೆಲ್ಲ ಗೊತ್ತಿತ್ತು. ಹೆಸರು ಹೇಳಲ್ಲ. ಯಾಕಂದರೆ ಆ ವರ್ಷ ಅವರು, ಮುಂದಿನ ವರ್ಷ ಇನ್ನೊಬ್ಬರು.

ನಿಯಮ ಏನು ಗೊತ್ತಾ? ಒಬ್ಬರೇ ಬಂದು ಗಂಟುಗಟ್ಟಲೆ ಅರ್ಜಿ ಕೊಟ್ಟರೆ ತೆಗೆದುಕೊಳ್ಳುವ ಹಾಗಿಲ್ಲ. ಮನೆಯವರದು ಮನೆಯವರು ಕೊಡಬಹುದು. ಪಕ್ಷಗಳು ನೇಮಿಸಿದ ಬೂತ್ ಏಜೆಂಟರು ಸಾಮಾನ್ಯ ದಿನಗಳಲ್ಲಿ ದಿನಕ್ಕೆ ಹತ್ತರ ತನಕ ಕೊಡಬಹುದು. ಈ ಹುಡುಗ ಯಾವ ಪಕ್ಷದ ಏಜೆಂಟೂ ಅಲ್ಲ. ಫಾರಂ ವಾಪಸ್ ಕೊಟ್ಟೆ. ವಿಳಾಸ ಮಾತ್ರ ಬರೆದುಕೊಂಡೆ.

ಐದು ಸಂಜೆ ತಿರುಗಿದೆ. 27 ಜನ ನಿಜವಾಗಿ ಇದ್ದರು, ಪಟ್ಟಿಯಲ್ಲಿ ಹೆಸರಿರಲಿಲ್ಲ, ಸೇರಬೇಕಾದವರೇ. ಒಂಬತ್ತು ಜನರ ಹೆಸರು ಆಗಲೇ ಇತ್ತು. ಕೆಲವರದು ಇಲ್ಲೇ, ಕೆಲವರದು ಗಂಡನ ಊರಲ್ಲಿ. ನಾಲ್ಕು ಜನ ಗೋವಾಕ್ಕೆ ದುಡಿಯಲು ಹೋದವರು. ತಮ್ಮ ಹೆಸರಲ್ಲಿ ಅರ್ಜಿ ತಯಾರಾಗಿದೆ ಅನ್ನುವುದೇ ಅವರಿಗೆ ಗೊತ್ತಿಲ್ಲ. ಇನ್ನು ಮೂರು ಮನೆ ಭೂಮಿ ಮೇಲೆ ಇರಲೇ ಇಲ್ಲ. ಆ ಸೆಕ್ಟರ್‌ನಲ್ಲಿ ಪ್ಲಾಟು ಮುಗಿದ ಮೇಲಿನ ನಂಬರ್ ಹಾಕಿದ್ದ.

ಇನ್ನೊಂದು ನೋಡಿ. ಅದರಲ್ಲಿ ಹದಿನೇಳು ಜನರ ಹುಟ್ಟಿದ ತಾರೀಖು ಜೂನ್ 1. ಹೊರಗಿನವರು ಯಾರಾದರೂ ನೋಡಿದ್ದರೆ ಇದೇ ದೊಡ್ಡ ಮೋಸ ಅಂತ ಹೌಹಾರುತ್ತಿದ್ದರು. ಅದು ಮೋಸ ಅಲ್ಲ, ನಮ್ಮ ಮಾಸ್ತರುಗಳ ಕೆಲಸ! ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲ ಅಂದರೆ 1-6 ಅಂತ ಬರೆಯುವುದು ನಮ್ಮ ಕಡೆಯ ಪದ್ಧತಿ. ನಿಮ್ಮ ಅಪ್ಪಂದಿರ ಆಧಾರ್ ನೋಡಿ, ಅರ್ಧ ಜನ ಒಂದೇ ದಿನ ಹುಟ್ಟಿರುತ್ತಾರೆ. ಹುಸಿ ಅಂತ ಕಂಡದ್ದು ಖರೆ ಇತ್ತು, ನೆಟ್ಟಗೆ ಕಂಡ ಮೂರು ವಿಳಾಸ ಹುಸಿ.

ಮೇಲಿನ ಒಬ್ಬರಿಗೆ ಈ ಸಂಘದ ವಿಷಯ ತಿಳಿಸಿದೆ. “ಹೋಗ್ಲಿ ಬಿಡ್ರಿ ಬಾಯಾರ, ನಮ್ಮ ಟಾರ್ಗೆಟೂ ಆಗ್ತದಲ್ಲ” ಅಂದರು. ಆ ಮಾತು ನನ್ನ ತಲೆಯಲ್ಲಿ ಇವತ್ತಿಗೂ ಕೂತಿದೆ.

ಈಗ ಸ್ವಲ್ಪ ಅಮೆರಿಕಕ್ಕೆ ಹೋಗಿ ಬರೋಣ. ಅಲ್ಲಿ ನಮ್ಮ ಹಾಗೆ ಬಿಎಲ್‌ಒ ಮನೆ ಬಾಗಿಲಿಗೆ ಬರಲ್ಲ. ಹೆಸರು ಸೇರಿಸಿಕೊಳ್ಳುವುದು ಹೆಚ್ಚಾಗಿ ಅವರವರ ಜವಾಬ್ದಾರಿ. ಬಡವರು, ಬಾಡಿಗೆ ಮನೆಯವರು, ಪದೇ ಪದೇ ಮನೆ ಬದಲಿಸುವವರು ಸಹಜವಾಗಿ ಹೊರಗೆ ಉಳಿಯುತ್ತಾರೆ. ಅವರನ್ನು ಸೇರಿಸಲು ಸಂಘಟನೆಗಳು ಬೀದಿಗೆ ಇಳಿಯುತ್ತವೆ. ಅದರಲ್ಲಿ ದೊಡ್ಡದು ‘ಏಕಾರ್ನ್’. 1970ರಲ್ಲಿ ಆರ್ಕನ್ಸಾ ರಾಜ್ಯದಲ್ಲಿ ಶುರುವಾದ, ಬಡವರ ಪರ ಕೆಲಸ ಮಾಡುವ ಸಂಘ. 2008ರ ಅಧ್ಯಕ್ಷೀಯ ಚುನಾವಣೆಗೆ ಮುಂಚೆ 13 ಲಕ್ಷ ಅರ್ಜಿ ತುಂಬಿಸಿದ್ದೇವೆ ಅಂತ ಹೇಳಿಕೊಂಡಿತು. ಆಮೇಲೆ ಲೆಕ್ಕ ತೆಗೆದರೆ ನಿಜವಾದ ಹೊಸ ಮತದಾರರು ನಾಲ್ಕೂವರೆ ಲಕ್ಷದ ಆಸುಪಾಸು. ನಾಲ್ಕು ಲಕ್ಷದಷ್ಟು ಅರ್ಜಿ ತಿರಸ್ಕಾರ ಆಗಿದ್ದವು. ಅದರಲ್ಲಿ ಎರಡೆರಡು ಸಲ ಕೊಟ್ಟವು ಇದ್ದವು, ಅರ್ಧ ತುಂಬಿದವು ಇದ್ದವು, ಶುದ್ಧ ಸುಳ್ಳಿನವೂ ಇದ್ದವು.

ಸುಳ್ಳು ಅಂದರೆ ಎಂಥ ಸುಳ್ಳು! ಡಿಸ್ನಿ ವರ್ಲ್ಡ್ ಇರುವ ಆರ್ಲೆಂಡೊ ಕಡೆಯಲ್ಲಿ ಮಿಕ್ಕಿ ಮೌಸ್ ಹೆಸರಲ್ಲಿ ಒಂದು ಅರ್ಜಿ. ನೆವಾಡಾದಲ್ಲಿ ಡಲ್ಲಾಸ್ ಕೌಬಾಯ್ಸ್ ಅನ್ನುವ ಫುಟ್‌ಬಾಲ್ ತಂಡದ ಆಟಗಾರರ ಹೆಸರು. ನಮ್ಮಲ್ಲಿ ಯಾರೋ ವಿರಾಟ್ ಕೊಹ್ಲಿ, ಸಾಕೀನ್ ಗುಳೇದಗುಡ್ಡ ಅಂತ ಬರೆದ ಹಾಗೆ. ಅಕ್ಟೋಬರ್‌ನಲ್ಲಿ ಲಾಸ್ ವೇಗಸ್ ಕಚೇರಿ ಮೇಲೆ ದಾಳಿ ಆಯಿತು. ಅದೇ ತಿಂಗಳ 15ರಂದು ಟಿವಿ ಚರ್ಚೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್, ಇದು ದೇಶದ ಇತಿಹಾಸದ ಅತಿ ದೊಡ್ಡ ಮತ ವಂಚನೆಗಳಲ್ಲಿ ಒಂದು ಆಗಬಹುದು ಅನ್ನುವ ಅರ್ಥದ ಮಾತು ಆಡಿದರು.

ಆಮೇಲೆ ಕೋರ್ಟಿನಲ್ಲಿ ಏನಾಯಿತು? ಲಾಸ್ ವೇಗಸ್ ಕಚೇರಿಯಲ್ಲಿ ಕೆಲಸದವರಿಗೆ ದಿನಕ್ಕೆ 20 ಫಾರಂ ಗುರಿ. 21 ಅಥವಾ ಹೆಚ್ಚು ತಂದರೆ ಐದು ಡಾಲರ್ ಹೆಚ್ಚಿಗೆ. ಇಸ್ಪೀಟಿನ ಊರಲ್ಲವೇ, 21ರ ಆಟದ ನೆನಪಿಗೆ ಆ ಬೋನಸ್ಸಿಗೆ ‘ಬ್ಲ್ಯಾಕ್‌ಜಾಕ್’ ಅಂತಲೇ ಹೆಸರಿಟ್ಟಿದ್ದರು. ಫಾರಂ ಲೆಕ್ಕದಲ್ಲಿ ದುಡ್ಡು ಕೊಡುವುದು ನೆವಾಡಾದಲ್ಲಿ ಅಪರಾಧ. 2011ರಲ್ಲಿ ಸಂಘ ತಪ್ಪು ಒಪ್ಪಿಕೊಂಡಿತು, 5,000 ಡಾಲರ್ ದಂಡ ಬಿತ್ತು. ಶಿಕ್ಷೆ ಆದದ್ದು ಕೂಲಿ ಲೆಕ್ಕಕ್ಕೆ. ಇಲ್ಲಿ ನಿಲ್ಲಿ ಸ್ವಲ್ಪ. ಐದು ಡಾಲರ್, ಇಪ್ಪತ್ತು ರೂಪಾಯಿ. ದೇಶ ಬೇರೆ, ನನ್ನ ಹುಡುಗ ಅದೇ.

ಅದಕ್ಕೂ ಮುಂಚೆ ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿ ಇನ್ನೊಂದು ಪ್ರಕರಣ ಆಗಿತ್ತು. ಅದೇ ಸಂಘದ ಏಳು ಜನ ಕೆಲಸಗಾರರ ಮೇಲೆ 2007ರಲ್ಲಿ ಕೇಸು. ಬಿಸಿಲಲ್ಲಿ ಯಾಕೆ ತಿರುಗಬೇಕು ಅಂತ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಹೆಸರು ಹುಟ್ಟಿಸಿದ್ದರು. ಹುಸಿ ಅಂತ ಸಿಕ್ಕ ಅರ್ಜಿ 1,762. ಅಲ್ಲಿಯ ಸರ್ಕಾರಿ ವಕೀಲರೇ ಹೇಳಿದ್ದು ಇಷ್ಟು: ಇವರ ಉದ್ದೇಶ ಕಳ್ಳ ಮತ ಹಾಕಿಸುವುದಲ್ಲ, ಕೆಲಸ ಮಾಡದೆ ಪಗಾರ ಎಣಿಸುವುದು. ಮೋಸ ಹೋದದ್ದು ಮೊದಲು ಅವರ ಮಾಲೀಕರೇ.

1,762 ಅಂದಾಗ ನನಗೆ ನಮ್ಮ ಜಿಲ್ಲೆಯ ಒಂದು ಸಂಖ್ಯೆ ನೆನಪಾಗುತ್ತದೆ. 2018ರಲ್ಲಿ ಬಾದಾಮಿಯಲ್ಲಿ ಸಿದ್ದರಾಮಯ್ಯನವರು ಗೆದ್ದದ್ದು 1,696 ಮತದಿಂದ. ಆ ಚುನಾವಣೆಗೂ ಈ ಮೋಸಕ್ಕೂ ಸಂಬಂಧ ಇಲ್ಲ, ಯಾರೂ ಹೊರಗೆ ಹೋಗಿ ಬೇರೆ ಹೇಳಬೇಡಿ. ಸಂಖ್ಯೆಯ ಭಯ ಎಲ್ಲಿಂದ ಬರುತ್ತದೆ ಅಂತ ತೋರಿಸಲು ಹೇಳಿದೆ. ಇಷ್ಟು ಹುಸಿ ಹೆಸರು ಪಟ್ಟಿಗೆ ಬಂದರೆ ಗೆದ್ದವರು ಸೋಲಬಹುದಲ್ವಾ ಅಂತ ಅನ್ನಿಸುತ್ತದೆ. ಆದರೆ ಫಾರಂ ಬೇರೆ, ಹೆಸರು ಬೇರೆ, ವೋಟು ಬೇರೆ. ಫಾರಂ ಪಟ್ಟಿಗೆ ಬರಬೇಕಾದರೆ ಪರಿಶೀಲನೆ ದಾಟಬೇಕು. ಪಟ್ಟಿಯಲ್ಲಿರುವ ಹುಸಿ ಹೆಸರು ವೋಟಾಗಬೇಕಾದರೆ ಒಬ್ಬ ಮನುಷ್ಯ ಬೂತಿಗೆ ನಡೆದು ಬರಬೇಕು, ಗುರುತಿನ ಚೀಟಿ ತೋರಿಸಬೇಕು, ಬೆರಳಿಗೆ ಮಸಿ ಹಚ್ಚಿಸಿಕೊಳ್ಳಬೇಕು. ಅವನು ಅವನಲ್ಲ ಅಂತ ಅನುಮಾನ ಬಂದರೆ ಒಳಗೆ ಕೂತ ಏಜೆಂಟು ಎರಡು ರೂಪಾಯಿ ಕಟ್ಟಿ ಅಡ್ಡಿ ಮಾಡಬಹುದು. ಹೌದು, ಎರಡೇ ರೂಪಾಯಿ, ಇವತ್ತಿಗೂ. ಮಿಕ್ಕಿ ಮೌಸ್ ಅವತ್ತು ಮತ ಹಾಕಲು ಬರಲಿಲ್ಲ.

ಹಾಗಂತ ಏಕಾರ್ನ್‌ನವರು ಪಾಪದವರು ಅಂತ ನಾನು ಹೇಳಲ್ಲ. ಬಾಗಿಲಿಗೆ ಗುರಿ ಅಂಟಿಸಿ ಕೂಲಿ ಕೊಟ್ಟವರು ಅವರೇ. ಅನುಮಾನದ ಅರ್ಜಿಗಳನ್ನು ನಾವೇ ಗುರುತು ಹಾಕಿ ಕೊಟ್ಟಿದ್ದೆವು ಅಂತ ಅವರು ವಾದಿಸಿದರು. ಅದರಲ್ಲೂ ಸ್ವಲ್ಪ ನಿಜ ಇತ್ತು. ಅನೇಕ ರಾಜ್ಯಗಳಲ್ಲಿ ತುಂಬಿದ ಫಾರಂ ಎಸೆಯುವುದೇ ಅಪರಾಧ, ಎಲ್ಲವನ್ನೂ ಕೊಡಲೇಬೇಕು. ಕೊನೆಗೆ ಸಂಘ ಮುಳುಗಿದ್ದು ಬೇರೆ ಕಾರಣಕ್ಕೆ. 2009ರಲ್ಲಿ ಗುಪ್ತ ಕ್ಯಾಮೆರಾದ ವಿಡಿಯೊಗಳು ಬಂದವು, ಸರ್ಕಾರದ ಹಣ ನಿಂತಿತು, 2010ರಲ್ಲಿ ಬಾಗಿಲು ಹಾಕಿತು. ಆ ವಿಡಿಯೊಗಳನ್ನು ಬೇಕಾದ ಹಾಗೆ ಕತ್ತರಿಸಿ ಜೋಡಿಸಲಾಗಿತ್ತು ಅಂತ ಕ್ಯಾಲಿಫೋರ್ನಿಯಾದ ತನಿಖೆ ಆಮೇಲೆ ಹೇಳಿತು. ಅಷ್ಟರಲ್ಲಿ ಯಾರಿಗೆ ಬೇಕಿತ್ತು? 2012ರಲ್ಲಿ ಫ್ಲಾರಿಡಾದಲ್ಲಿ ರಿಪಬ್ಲಿಕನ್ ಪಕ್ಷವೇ ಹಣ ಕೊಟ್ಟು ಇಟ್ಟುಕೊಂಡ ಕಂಪನಿಯ ನೂರಕ್ಕೂ ಹೆಚ್ಚು ಫಾರಂ ಅನುಮಾನಕ್ಕೆ ಬಿದ್ದವು. ಪಕ್ಷ ಆ ಕಂಪನಿಯನ್ನು ಕೈಬಿಟ್ಟಿತು. ನಾಲ್ಕು ವರ್ಷದ ಹಿಂದೆ ಬೈದವರ ಮನೆಯಲ್ಲೇ ಅದೇ ರೋಗ.

ನಿಮ್ಮಲ್ಲಿ ಇಳಕಲ್ಲಿನವರು, ರಬಕವಿ-ಬನಹಟ್ಟಿಯವರು ಇದ್ದೀರಿ. ನಿಮಗೆ ಮಜೂರಿ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ. ಸೀರೆಗೆ ಇಷ್ಟು. ಜಾಸ್ತಿ ನೇಯ್ದರೆ ಜಾಸ್ತಿ ಮಜೂರಿ. ಆದರೆ ಅಲ್ಲಿ ಸೀರೆ ತೆಗೆದುಕೊಳ್ಳುವ ಸಾವಕಾರ ಗಳಿಗೆ, ಅಂದರೆ ಮಡಿಕೆ, ಬಿಚ್ಚುತ್ತಾನೆ. ಬೆಳಕಿಗೆ ಹಿಡಿಯುತ್ತಾನೆ. ಒಡಲಿಗೂ ಸೆರಗಿಗೂ ಹಾಕಿದ ಕೊಂಡಿ ಸರಿ ಕೂತಿಲ್ಲ ಅಂದರೆ ಮಜೂರಿ ಮುರಿಯುತ್ತಾನೆ. ಫಾರಂಗೆ ದುಡ್ಡು ಕೊಡುವವನು ಗಳಿಗೆ ಬಿಚ್ಚಲ್ಲ. ಎಣಿಸುತ್ತಾನೆ, ಅಷ್ಟೇ. ಅವನೂ ಮೇಲಿನವರಿಗೆ ಸಂಖ್ಯೆ ತೋರಿಸಬೇಕು. ಬಿಚ್ಚಿ ನೋಡುವ ಕೆಲಸ ಸಂಬಂಧ ಇಲ್ಲದ ಬಿಎಲ್‌ಒ ತಲೆ ಮೇಲೆ. ಆಕೆಗೆ ಫಾರಂ ಲೆಕ್ಕದ ಕೂಲಿ ಇಲ್ಲ, ವರ್ಷದ ಗೌರವಧನ. ಅದು ಆರು ಸಾವಿರ ಇದ್ದದ್ದನ್ನು ಚುನಾವಣಾ ಆಯೋಗ 2025ರಲ್ಲಿ ಹನ್ನೆರಡು ಸಾವಿರ ಮಾಡಿತು. ನಾನು ಅಷ್ಟರಲ್ಲಿ ರಿಟೈರ್ ಆಗಿದ್ದೆ, ನನ್ನ ಹಣೆಬರಹ.

ಇಲ್ಲಿಯ ತನಕ ಸೇರಿಸುವ ಮಾತಾಯಿತು. ನನಗೆ ನಿದ್ದೆಗೆಡಿಸುವುದು ತೆಗೆಯುವ ಮಾತು. ಫಾರಂ 7 ಅಂತ ಇದೆ. ಸತ್ತವರ, ಊರು ಬಿಟ್ಟವರ ಹೆಸರು ತೆಗೆಯಿರಿ ಅಂತ ಅದೇ ಕ್ಷೇತ್ರದ ಮತದಾರರು ಕೊಡುವ ಅರ್ಜಿ. ಕಲಬುರಗಿ ಜಿಲ್ಲೆಯ ಆಳಂದದ ವಿಷಯ ಪೇಪರಿನಲ್ಲಿ ಓದಿರುತ್ತೀರಿ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಅಲ್ಲಿ ಆನ್‌ಲೈನ್‌ನಲ್ಲಿ 6,018 ಫಾರಂ 7 ಬಂದವು. ಪರಿಶೀಲನೆ ಮಾಡಿದರೆ ಸರಿ ಇದ್ದದ್ದು 24. ಬರೀ 24! ಒಬ್ಬ ಬಿಎಲ್‌ಒಗೆ ತನ್ನ ಸಂಬಂಧಿಕರ ಹೆಸರೇ ತೆಗೆಯುವ ಪಟ್ಟಿಯಲ್ಲಿ ಕಂಡಿತು. ಅರ್ಜಿ ಪಕ್ಕದ ಮನೆಯವರ ಹೆಸರಲ್ಲಿ. ಕೇಳಿದರೆ, ನಮಗೆ ಗೊತ್ತೇ ಇಲ್ಲ ಅಂದರು. ಹಾಗೆ ಗುಟ್ಟು ಬಿಚ್ಚಿತು. 2023ರ ಫೆಬ್ರವರಿಯಲ್ಲಿ ಪೊಲೀಸ್ ಕೇಸಾಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಹುಲ್ ಗಾಂಧಿ ಇದನ್ನು ದೆಹಲಿಯಲ್ಲಿ ಎತ್ತಿದರು. ಹಾಗೆ ಸುಮ್ನೆ ಆನ್‌ಲೈನ್‌ನಲ್ಲಿ ಯಾರಿಗೂ ಹೆಸರು ತೆಗೆಯಲು ಬರುವುದಿಲ್ಲ, ನೋಟಿಸ್ ಕೊಟ್ಟು ಕೇಳಬೇಕು ಅಂತ ಆಯೋಗ ಉತ್ತರ ಕೊಟ್ಟಿತು. ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ಮಾಡಿತು. ಆ ತಂಡದ ತನಿಖೆಯಲ್ಲಿ ಹೊರಬಂತು ಅಂತ ವರದಿಯಾದ ಒಂದು ವಿಷಯ ಓದಿ ನಾನು ಪೇಪರ್ ಕೆಳಗಿಟ್ಟೆ: ಒಂದು ಫಾರಂಗೆ 80 ರೂಪಾಯಿ ಕೊಟ್ಟಿದ್ದರಂತೆ.

ಮತ್ತೆ ಅದೇ ಮಜೂರಿ. ರೇಟು ಮಾತ್ರ ನಾಲ್ಕು ಪಟ್ಟು. ಸೇರಿಸುವುದಕ್ಕಿಂತ ತೆಗೆಯುವುದಕ್ಕೆ ಬೆಲೆ ಜಾಸ್ತಿ ಇದ್ದರೆ ಆಶ್ಚರ್ಯ ಇಲ್ಲ. ಹುಸಿ ಹೆಸರು ಎಲ್ಲೋ ಒಂದು ಕಡೆ ಕಣ್ಣಿಗೆ ಬೀಳುತ್ತದೆ, ನಗೆಪಾಟಲು ಆಗುತ್ತದೆ. ತೆಗೆದ ಹೆಸರು ಯಾರ ಕಣ್ಣಿಗೂ ಬೀಳಲ್ಲ. ಮತದಾನದ ದಿನ ಆ ಮನುಷ್ಯ ಬಂದು ಸಾಲಲ್ಲಿ ನಿಂತಾಗಲೇ ಗೊತ್ತಾಗುವುದು.

ಒಮ್ಮೆ ನನಗೇ ಹೀಗಾಗುತ್ತಿತ್ತು. ಒಂದೇ ಓಣಿಯಲ್ಲಿ ಇಬ್ಬರು ಯಲ್ಲವ್ವ. ಇಬ್ಬರ ಗಂಡನ ಹೆಸರೂ ಹನಮಂತ. ವಯಸ್ಸು ಒಂದು ವರ್ಷ ಆಚೀಚೆ. ಕಂಪ್ಯೂಟರ್ ಇಬ್ಬರನ್ನೂ ಒಬ್ಬರೇ ಅಂತ ತೋರಿಸಿತು. ಯಾರೋ ಒಂದು ಯಲ್ಲವ್ವನ ಮೇಲೆ ಫಾರಂ 7 ಕೂಡ ಹಾಕಿದ್ದರು. ಹೋಗಿ ನೋಡಿದರೆ ಇಬ್ಬರೂ ಒಂದೇ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾರೆ! “ಯಾರನ್ನ ತಗೀಲಿಕ್ಕೆ ಬಂದೀರಿ ಅಕ್ಕೋರ?” ಅಂದಳು ದೊಡ್ಡ ಯಲ್ಲವ್ವ. “ಇಕಿನ್ನ ತಗೀರಿ, ಇಕಿ ನನ್ನ ಅಡಕೀ ಖಾಲಿ ಮಾಡ್ಯಾಳ” ಅಂತ ನಕ್ಕಳು. ಮನೆಗೆ ಹೋಗದೆ ಮೇಜಿನ ಮೇಲೆ ಟಿಕ್ ಹಾಕಿದ್ದರೆ ಒಬ್ಬಳು ಹೋಗಿಬಿಡುತ್ತಿದ್ದಳು.

ದೇಶದ ಮೊದಲ ಚುನಾವಣೆ, 1951-52ರಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ. ಅವರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಅಂತ ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ, ಸ್ವಂತ ಹೆಸರು ಬೇಕೇ ಬೇಕು ಅಂದರು. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೂ ಕೈಗೆ ಪಟ್ಟಿ ಬಂದಾಗೆಲ್ಲ ಆ 28 ಲಕ್ಷ ನೆನಪಾಗುತ್ತದೆ. ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ, ನೋಡಿ.

ನಮ್ಮ ಬಾಗಲಕೋಟೆಯಲ್ಲಂತೂ ಇದು ಇನ್ನೂ ಗೋಜಲು. ಆಲಮಟ್ಟಿ ಹಿನ್ನೀರು ಬಂತು, ಹಳೇ ಊರಿನ ಎಷ್ಟೋ ಮನೆ ಹೋದವು, ಜನ ನವನಗರದ ಸೆಕ್ಟರುಗಳಿಗೆ ಬಂದರು. ಒಂದೇ ಮನೆತನದ ಅಣ್ಣ ಒಂದು ಸೆಕ್ಟರ್, ತಮ್ಮ ಇನ್ನೊಂದು ಸೆಕ್ಟರ್. ನೀರೊಳಗೆ ಹೋದ ಮನೆ ನಂಬರ್ ಕೆಲವರ ಹಳೇ ಕಾಗದದಲ್ಲಿ ಇನ್ನೂ ಇದೆ. ಅದನ್ನು ನೋಡಿ ‘ಇಲ್ಲದ ವಿಳಾಸ, ಬೋಗಸ್ ವೋಟರ್’ ಅಂತ ಕೂಗುವುದು ಬಹಳ ಸುಲಭ.

ಜಾಗೃತಿ ಹೆಸರಲ್ಲಿ ಬಾಗಿಲಿಗೆ ಬರುವವರ ಬಗ್ಗೆಯೂ ಒಂದು ಮಾತು. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ‘ಚಿಲುಮೆ’ ಅನ್ನುವ ಸಂಸ್ಥೆಯ ಮೇಲೆ ಆರೋಪ ಬಂತು. ಮತದಾರರ ಜಾಗೃತಿಗೆ ಪಾಲಿಕೆಯಿಂದ ಅನುಮತಿ ತೆಗೆದುಕೊಂಡು, ಬಿಎಲ್‌ಒ ಅಂತ ಹೇಳಿಕೊಂಡು ಜನರ ವಿವರ ಸಂಗ್ರಹಿಸಿದರು ಅಂತ. ಆಯೋಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಈ ಮೂರು ಕ್ಷೇತ್ರಗಳಲ್ಲಿ ಆ ವರ್ಷ ಸೇರಿಸಿದ, ತೆಗೆದ ಹೆಸರುಗಳನ್ನು ಪೂರ್ತಿ ಮತ್ತೆ ನೋಡಿ ಅಂತ ಹೇಳಿತು. ಅದರ ಒಳಗೆ ನಾನು ಹೋಗಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದೆ. ಒಬ್ಬ ಹುಡುಗ ಎದ್ದ. “ಮೇಡಂ, ಆ ಹಳೇ ವಿದ್ಯಾರ್ಥಿ ಮೇಲೆ ಕೇಸ್ ಹಾಕಿಸಿದ್ರಾ?”

ಹಾಕಿಸಬಹುದಿತ್ತು. ಸುಳ್ಳು ಘೋಷಣೆಗೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಂ ಪ್ರಕಾರ ಒಂದು ವರ್ಷದ ತನಕ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನಾನು ಹಾಕಿಸಲಿಲ್ಲ. ಅವನನ್ನು ಕರೆದುಕೊಂಡು ಆ 27 ಮನೆಗೂ ಹೋದೆ. ಅವರವರ ಫಾರಂ ಅವರವರ ಕೈಯಲ್ಲೇ ತುಂಬಿಸಿದೆವು. ಬರೆಯಲು ಬಾರದವರಿಗೆ ಅವನೇ ಬರೆದುಕೊಟ್ಟ, ಅವರ ಎದುರಿಗೆ. ಇದಕ್ಕೆ ಇಪ್ಪತ್ತು ರೂಪಾಯಿ ಇಲ್ಲ ಅಂದದ್ದಕ್ಕೆ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ತಪ್ಪು ಮಾಡಿದೆನಾ? ಇರಬಹುದು. ದುಡ್ಡು ಕೊಟ್ಟವನನ್ನು ಬಿಟ್ಟು ‘ಳ’ ಬರೆಯಲು ಬಾರದವನನ್ನು ಹಿಡಿದುಕೊಡಲು ನನಗೆ ಮನಸ್ಸು ಬರಲಿಲ್ಲ.

ಇನ್ನೊಬ್ಬ, ಈಗ ಆನ್‌ಲೈನ್‌ನಲ್ಲಿ ಬೇರೆಯವರ ಹೆಸರು ತೆಗೆಯಲು ಆಗಲ್ಲ ಅಲ್ವಾ ಅಂದ. ಆಳಂದದ ಗದ್ದಲದ ನಂತರ, 2025ರ ಸೆಪ್ಟೆಂಬರ್‌ನಲ್ಲಿ, ಆನ್‌ಲೈನ್ ಫಾರಂಗೆ ಆಧಾರ್ ಜೋಡಿಸಿದ ಮೊಬೈಲಿಗೆ ಒಟಿಪಿ ಬರುವ ವ್ಯವಸ್ಥೆ ತಂದರು. ಒಳ್ಳೆಯದೇ. ಆದರೆ ಒಟಿಪಿ ಕೇಳಿದ ತಕ್ಷಣ ಹೇಳುವ ಅತ್ತೆಮ್ಮಂದಿರು ಎಲ್ಲರ ಮನೆಯಲ್ಲೂ ಇದ್ದಾರೆ ಅಂದೆ. ಎಲ್ಲರೂ ನಕ್ಕರು.

ಆಮೇಲೆ, ಈಗಲೇ ಮೊಬೈಲ್ ತೆಗೆದು ನಿಮ್ಮ ನಿಮ್ಮ ಹೆಸರು ಹುಡುಕಿ ಅಂದೆ. ಸಭಾಂಗಣದಲ್ಲಿ ನೆಟ್‌ವರ್ಕ್ ಸಿಗದೆ ಅರ್ಧ ಜನ ಕಿಟಕಿ ಹತ್ತಿರ ಓಡಿದರು. ಮೂರನೇ ಸಾಲಿನ ಒಬ್ಬ ಹುಡುಗಿ ಮೊಬೈಲ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಅವಳ ಹೆಸರು ಎರಡು ಕಡೆ ಇತ್ತು. ಒಂದು ಇಳಕಲ್ಲಿನ ಮನೆ, ಇನ್ನೊಂದು ಇಲ್ಲಿ, ಸೋದರಮಾವನ ಮನೆ ವಿಳಾಸಕ್ಕೆ. ಯಾರೋ ಕಾಲೇಜಿಗೆ ಬಂದು ಫಾರಂ ತುಂಬಿಸಿಕೊಂಡು ಹೋಗಿದ್ದರಂತೆ.

“ಯಾವುದನ್ನ ತೆಗೆಸಲಿ ಮೇಡಂ?”

“ನೀನು ವಾಸ ಇರೋದು ಎಲ್ಲಿ? ಅದನ್ನ ಇಟ್ಟುಕೋ, ಇನ್ನೊಂದಕ್ಕೆ ಫಾರಂ 7 ಕೊಡು. ನಿನ್ನ ಹೆಸರು ನೀನೇ ತೆಗೆಸಬಹುದು.”

ಅವಳು ಮೊಬೈಲ್ ನೋಡುತ್ತಾ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಸಣ್ಣ ದನಿಯಲ್ಲಿ, “ಮೇಡಂ, ಯುಗಾದಿ ಆದ ಮೇಲೆ ನನ್ನ ಮದುವಿ ಐತ್ರಿ. ಜಮಖಂಡಿಗೆ ಕೊಟ್ಟಾರ” ಅಂದಳು.

“ಹಾಗಾದರೆ ಇವತ್ತು ಫಾರಂ 7, ಮದುವೆ ಆದ ಮೇಲೆ ವಿಳಾಸ ಬದಲಿಸಲು ಫಾರಂ 8” ಅಂದೆ. “ನೀನೇ ತುಂಬು. ತುಂಬಿಕೊಡ್ತೀನಿ ಅಂತ ಯಾರಾದರೂ ಬಂದರೆ, ನಿಮಗೆ ಒಂದಕ್ಕೆ ಎಷ್ಟು ಕೊಡ್ತಾರೆ ಅಂತ ಕೇಳು.”